ಇಂದಿರಾನಗರದ ಗೂಂಡಾನೂ ಸಂಬಳವಿಲ್ಲದ ನಾವೂ

ಮಧ್ಯಾಹ್ನ ಹನ್ನೆರಡೂವರೆಯಾಯಿತೆಂದರೆ ನನ್ನ ಫೋನಿಗೆ ನನ್ನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿ ಬರುತ್ತದೆ. ಊಟ ಆಯ್ತಾ, ಹೊಟ್ಟೆ ಚುರುಗುಟ್ತಿದೆಯಾ, ಬಿಸಿಬಿಸಿ ಬಿರಿಯಾನಿ ನಿಮ್ಮನ್ನೇ ನೆನೀತಾ ಕೂತಿದೆ ಎಂದು ಒಂದರ ಹಿಂದೊಂದು ವಿಚಾರಣೆ. ಮಳೆ ಬಂದರೆ ಬಜ್ಜಿಯ ಸುದ್ದಿ, ಮ್ಯಾಚ್ ಸೋತರೆ ಐಸ್‌ಕ್ರೀಮಿನ ಸಾಂತ್ವನ, ಎರಡು ದಿನ ತಿರುಗಿ ನೋಡದಿದ್ದರೆ ‘ನಮ್ಮನ್ನ ಮರೆತೇಬಿಟ್ರಾ?’ ಎಂಬ ಮುನಿಸು. ಕಟ್ಟಿಕೊಂಡ ಹೆಂಡತಿ ಇಷ್ಟೆಲ್ಲ ಕೇಳುವುದಿಲ್ಲ. ಅವಳು ಕೇಳುವುದು ‘ಗ್ಯಾಸ್ ಆಫ್ ಮಾಡಿದ್ರಾ?’ ಅಂತ ಒಂದೇ.

ಹಿಂದಿನ ಜಾಹೀರಾತುಗಳಿಗೆ ಈ ಸಲಿಗೆ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಸಿಮೆಂಟಿನ ಹೆಸರು ಬರೆದಿರುತ್ತಿತ್ತು. ಓದಿದರೆ ಓದಿದೆವು, ಇಲ್ಲದಿದ್ದರೆ ಅದರ ಕೆಳಗಿದ್ದ ‘ಇಲ್ಲಿ ಮೂತ್ರ ಮಾಡಬಾರದು’ ಎಂಬುದನ್ನು ಓದಿದೆವು. ವಿವಿಧ ಭಾರತಿಯಲ್ಲಿ ಹಲ್ಲುಪುಡಿ ಬಂದಾಗ ರೇಡಿಯೋದ ಕಿವಿ ತಿರುಪಿದರೆ ಮುಗಿಯಿತು, ‘ಯಾಕ್ರೀ ತಿರುಪಿದ್ರಿ?’ ಎಂದು ಅದು ಕೇಳುತ್ತಿರಲಿಲ್ಲ. ಈಗ ಕೇಳುತ್ತದೆ. ಕೇಳುವುದಲ್ಲದೆ ಐದು ನಕ್ಷತ್ರವನ್ನೂ ಬೇಡುತ್ತದೆ.

ನಮ್ಮಣ್ಣನ ಮಗ ಇದೇ ಕಸುಬಿನಲ್ಲಿದ್ದಾನೆ. ಕೋರಮಂಗಲದ ಕಡೆ ಯಾವುದೋ ಏಜೆನ್ಸಿ. ಅವನ ಹುದ್ದೆಯ ಹೆಸರು ಯುಗಾದಿಗೊಮ್ಮೆ ಬದಲಾಗುತ್ತದೆ. ಸದ್ಯಕ್ಕೆ ಅದರಲ್ಲಿ ‘ಗ್ರೋತ್’ ಎಂಬ ಮಾತೊಂದು ಸೇರಿಕೊಂಡಿದೆ. ಹೆಣ್ಣಿನ ಕಡೆಯವರು ಬಂದಾಗ ಹುಡುಗನಿಗೆ ಏನು ಕೆಲಸ ಎಂದು ವಿವರಿಸಲು ಹೊರಟ ನಮ್ಮಣ್ಣ ಬೆವತು, ಕೊನೆಗೆ ‘ಒಟ್ಟಿನಲ್ಲಿ ಕಂಪ್ಯೂಟರ್ ಕಡೇದು’ ಎಂದು ಮುಗಿಸಿಬಿಟ್ಟ. ಆ ಹುಡುಗನೇ ಒಂದು ಭಾನುವಾರ ಲ್ಯಾಪ್‌ಟಾಪ್ ಬಿಚ್ಚಿ ನನಗೆ ಈ ಅಕ್ಕರೆಯ ಅಡುಗೆಮನೆ ತೋರಿಸಿದ.

ಒಂದೇ ಬಿರಿಯಾನಿಗೆ ಎರಡು ಸಂದೇಶ ಬರೆಯುತ್ತಾರಂತೆ. ಒಂದರಲ್ಲಿ ‘ಇಂದು 20 ಪರ್ಸೆಂಟ್ ರಿಯಾಯಿತಿ’ ಎಂದು ನೇರ ಮಾತು. ಇನ್ನೊಂದರಲ್ಲಿ ‘ನಮ್ಮನ್ನ ಮರೆತೇಬಿಟ್ರಾ?’ ಎಂಬ ಕೊಂಕು. ಸ್ವಲ್ಪ ಜನಕ್ಕೆ ಮೊದಲನೆಯದು, ಅಷ್ಟೇ ಜನಕ್ಕೆ ಎರಡನೆಯದು ಕಳಿಸಿ ಅರ್ಧ ಗಂಟೆ ಸುಮ್ಮನಿರುತ್ತಾರೆ. ಯಾವುದನ್ನು ಹೆಚ್ಚು ಜನ ಒತ್ತಿದರೋ ಅದು ಗೆದ್ದಿತು; ಉಳಿದ ಲಕ್ಷಗಟ್ಟಲೆ ಫೋನುಗಳಿಗೆ ಅದೇ ಹೋಗುತ್ತದೆ. ಇದಕ್ಕೆ ಎ/ಬಿ ಟೆಸ್ಟ್ ಎನ್ನುತ್ತಾರೆ. ಅಂದರೆ ನನಗೆ ಬಂದ ಮುನಿಸು ಪರೀಕ್ಷೆ ಪಾಸು ಮಾಡಿ ಬಂದ ಮುನಿಸು. ನಮ್ಮ ಮನೆಯ ಮುನಿಸುಗಳಿಗೆ ಆ ಭಾಗ್ಯವಿಲ್ಲ. ಅವು ನೇರವಾಗಿ ಇಡೀ ಊರಿಗೆ ಬಿಡುಗಡೆಯಾಗುತ್ತವೆ.

ಅವತ್ತು ಅವನು ರೀಚ್ ಅಂದ, ಫನಲ್ ಅಂದ, ಸಿಟಿಆರ್ ಅಂದ, ಮೊದಲ ಮೂರು ಸೆಕೆಂಡಿನಲ್ಲಿ ‘ಹುಕ್’ ಬೀಳದಿದ್ದರೆ ಹೆಬ್ಬೆರಳು ಮುಂದಕ್ಕೆ ಹೋಗುತ್ತದೆ ಅಂದ. ಅಷ್ಟರಲ್ಲಿ ನನ್ನ ತಲೆಗೆ ಇಳಿದದ್ದು ಒಂದು ಸಂಗತಿ. ಈಗಿನ ಕ್ಯಾಂಪೇನ್‌ನಲ್ಲಿ ಜಾಹೀರಾತು ತೋರಿಸಿದರೆ ಸಾಲದು, ನೋಡಿದವನೇ ಅದನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ತಿರುಗಬೇಕು. ತಿರುಗುವುದಕ್ಕೆ ಕೂಲಿ ಕೇಳಬಾರದು. ಕೇಳುವುದಿರಲಿ, ತಾನು ತಿರುಗುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಾಗಬಾರದು.

ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ, ಇಂದಿರಾನಗರಕ್ಕೆ ಹೋದರೆ ಸಾಕು. (ನಮ್ಮ ರಾಜಾಜಿನಗರದಿಂದ ಸಂಜೆ ಹೊರಟರೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಹೊತ್ತು.) 2021ರ ಏಪ್ರಿಲ್, ಐಪಿಎಲ್ ಶುರುವಾದ ದಿನ. ಕ್ರೆಡ್ ಎಂಬ ಬೆಂಗಳೂರಿನ ಕಂಪನಿ ಒಂದು ಪುಟ್ಟ ಚಿತ್ರ ಬಿಟ್ಟಿತು. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದರೆ ಬಹುಮಾನ ಸಿಗುತ್ತದೆಂದರೆ ಯಾರು ನಂಬುತ್ತಾರೆ, ರಾಹುಲ್ ದ್ರಾವಿಡ್‌ಗೆ ಸಿಟ್ಟಿನ ಕಾಯಿಲೆ ಅಂದಷ್ಟೇ ಹಾಸ್ಯಾಸ್ಪದ ಎಂಬರ್ಥದಲ್ಲಿ ನಟ ಜಿಮ್ ಸರ್ಭ್ ಏನೋ ಹೇಳುತ್ತಾನೆ. ಮುಂದಿನ ಶಾಟ್‌ನಲ್ಲಿ ದ್ರಾವಿಡ್, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ. ಹಾರನ್ ಒತ್ತುತ್ತಾರೆ, ಕಿರುಚುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಚಚ್ಚುತ್ತಾರೆ, ಕೊನೆಗೆ ಕಾರಿನ ಸನ್‌ರೂಫಿನಿಂದ ಎದ್ದು ನಿಂತು ತಾನು ಇಂದಿರಾನಗರದ ಗೂಂಡಾ ಎಂದು ಹಿಂದಿಯಲ್ಲಿ ಗರ್ಜಿಸುತ್ತಾರೆ.

ಯಾರು? ಅಪ್ಪ ಕಿಸಾನ್ ಜ್ಯಾಮಿನ ಕಂಪನಿಯಲ್ಲಿದ್ದರು ಎಂಬುದಕ್ಕೆ ‘ಜ್ಯಾಮಿ’ ಎಂದು ಕರೆಸಿಕೊಂಡ ಹುಡುಗ. ಟೆಸ್ಟ್ ಕ್ರಿಕೆಟ್ಟಿನಲ್ಲಿ 31,258 ಎಸೆತ ಎದುರಿಸಿದ ಮನುಷ್ಯ. ಅಷ್ಟು ಎಸೆತಕ್ಕೆ ಕೆಡದ ತಾಳ್ಮೆ ಬೆಂಗಳೂರಿನ ಒಂದು ಸಿಗ್ನಲ್ಲಿಗೆ ಕೆಟ್ಟಿತು ಎಂಬುದನ್ನು ನೋಡಿ ಈ ಊರಿನಲ್ಲಿ ದಿನಾ ಗಾಡಿ ಓಡಿಸುವ ನಮಗೆಲ್ಲ ಎಂಥ ಸಮಾಧಾನವಾಯಿತು ಎಂದರೆ, ನಾವು ಬಯ್ಯುವುದು ನಮ್ಮ ಸಂಸ್ಕಾರದ ದೋಷವಲ್ಲ, ರಸ್ತೆಯ ದೋಷ ಎಂದು ಅವತ್ತು ಇತ್ಯರ್ಥವಾಯಿತು.

ತಕರಾರು ತೆಗೆಯಲೇಬೇಕೆಂದರೆ ತೆಗೆಯಬಹುದು. ಅಸಲಿ ಬೆಂಗಳೂರು ಗೂಂಡಾ ಹಿಂದಿಯಲ್ಲಿ ಬಯ್ಯುತ್ತಾನೆಯೇ? ನೂರಡಿ ರಸ್ತೆಯಲ್ಲಿ ರೌಡಿಸಂ ಮಾಡಬೇಕೆಂದರೆ ಮೊದಲು ಪಾರ್ಕಿಂಗ್ ಸಿಗಬೇಡವೇ? ಬರೆದವರ ತಂಡದಲ್ಲಿ ತನ್ಮಯ್ ಭಟ್ ಜೊತೆಗೆ ದೇವಯ್ಯ ಬೋಪಣ್ಣ ಎಂಬ, ಹೆಸರು ಕೇಳಿದರೇ ಕೊಡಗು ನೆನಪಾಗುವವರೂ ಇದ್ದರು. ಒಂದು ‘ಯಾಕಮ್ಮಾ’ ಆದರೂ ಹಾಕಬಹುದಿತ್ತು. ಹೋಗಲಿ. ಕೊಹ್ಲಿ ‘ರಾಹುಲ್ ಭಾಯಿಯ ಈ ಮುಖ ನೋಡಿಯೇ ಇರಲಿಲ್ಲ’ ಎಂದು ಟ್ವೀಟಿಸಿದರು. ಜೊಮ್ಯಾಟೋದವರು, ರಸ್ತೆಯಲ್ಲಿ ಒಬ್ಬ ಸಿಟ್ಟಿನ ಗೂಂಡಾ ಇರುವುದರಿಂದ ಇಂದಿರಾನಗರದ ಡೆಲಿವರಿ ತಡವಾಗಬಹುದು ಎಂದು ಸೇರಿಸಿದರು. ಟೀ ಶರ್ಟುಗಳು ಬಂದವು. ನಮ್ಮ ಫ್ಯಾಮಿಲಿ ಗ್ರೂಪಿಗೆ ಆ ವಿಡಿಯೋ ನಾಲ್ಕು ದಿಕ್ಕಿನಿಂದಲೂ ಬಂತು. ಒಂದು ದಿಕ್ಕು ನಮ್ಮ ಸೋದರತ್ತೆಯದು. ಆಕೆಯ ಲೆಕ್ಕದಲ್ಲಿ ಕ್ರೆಡಿಟ್ ಕಾರ್ಡ್ ಅಂದರೆ ಸಾಲ, ಸಾಲ ಅಂದರೆ ಶೂಲ. ಕ್ರೆಡ್ ಆದರೋ ಕ್ರೆಡಿಟ್ ಸ್ಕೋರ್ ಚೆನ್ನಾಗಿದ್ದವರನ್ನು ಮಾತ್ರ ಒಳಗೆ ಬಿಡುವ, ಎಲ್ಲರಿಗೂ ಇದು ಸಿಗುವುದಿಲ್ಲ ಎಂಬುದನ್ನೇ ಬಿರುದಿನ ಹಾಗೆ ಹೇಳಿಕೊಳ್ಳುವ ಜಾಗ. ಒಳಗೆ ಬಿಡದ ಮನೆಯ ತಾಂಬೂಲವನ್ನು ನಮ್ಮತ್ತೆ ಮೂವತ್ತು ಜನಕ್ಕೆ ಹಂಚಿದರು. ‘ಅಜ್ಜಿ ನಮ್ಮ ಟಾರ್ಗೆಟ್ ಅಲ್ಲ ಚಿಕ್ಕಪ್ಪ, ಆದ್ರೆ ನೋಡಿ, ಎಂಥಾ ಆರ್ಗ್ಯಾನಿಕ್ ರೀಚ್!’ ಎಂದು ನಮ್ಮ ಹುಡುಗ ಕೈಮುಗಿದ.

ಆ ಚಿತ್ರದ ಆಯಸ್ಸು ಐಪಿಎಲ್ಲಿಗೇ ಮುಗಿಯಲಿಲ್ಲ. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ವಿಶ್ವಕಪ್ ಕೈಗೆ ಬಂದಾಗ ಕೋಚ್ ದ್ರಾವಿಡ್ ಕಪ್ ಎತ್ತಿ ಅರಚಿದ್ದನ್ನು ನೋಡಿದವರಿಗೆ ತಟ್ಟನೆ ನೆನಪಾದದ್ದು ಇಂದಿರಾನಗರವೇ. ಮೂರು ವರ್ಷ ಕಳೆದ ಮೇಲೂ ಒಬ್ಬ ಮನುಷ್ಯನ ಜೀವಮಾನದ ಖುಷಿಗೆ ನಾವು ಒಂದು ಕಂಪನಿಯ ಜಾಹೀರಾತಿನ ಅಡಿಬರಹ ಹಾಕಿದೆವಲ್ಲ, ಇದಕ್ಕಿಂತ ನಿಷ್ಠಾವಂತ ನೌಕರರು ಯಾವ ಕಂಪನಿಗೆ ಸಿಕ್ಕಾರು?

ದೊಡ್ಡ ಖರ್ಚೇ ಬೇಕು ಎಂದೇನೂ ಇಲ್ಲ. 2019ರ ಜುಲೈನಲ್ಲಿ ಜೊಮ್ಯಾಟೋ ಒಂದು ಸಾಲಿನ ಟ್ವೀಟ್ ಹಾಕಿತು: ಆಗೀಗ ಮನೆ ಊಟಾನೂ ಮಾಡ್ರಪ್ಪಾ, ಅಂತ. ಹೊರಗಿನ ಊಟ ಮಾರುವವನೇ ಮನೆ ಊಟ ಮಾಡಿ ಅಂದದ್ದು ಜನಕ್ಕೆ ಮಜವಾಯಿತು. ಅಲ್ಲಿಗೆ ಬಿಟ್ಟಿದ್ದರೆ ಚೆಂದ. ಬಿಡುತ್ತಾರೆಯೇ? ಅಮೆಜಾನ್ ಪ್ರೈಮ್‌ನವರು ಆಗೀಗ ಕೇಬಲ್ಲಲ್ಲೂ ಏನಾದರೂ ನೋಡಿ ಅಂದರು. ಯೂಟ್ಯೂಬಿನವರು ರಾತ್ರಿ ಮೂರು ಗಂಟೆಯಾದರೆ ಫೋನ್ ಪಕ್ಕಕ್ಕಿಟ್ಟು ಮಲಗಿ ಅಂದರು. ಕಂಡಕಂಡ ಕಂಪನಿಗಳೆಲ್ಲ ಸಾಲುಗಟ್ಟಿ ತಮ್ಮ ಅಂಗಡಿಗೆ ತಾವೇ ಬೀಗ ಹಾಕುವ ನಾಟಕವಾಡಿದವು. ಕಡೆಗೆ ಜೊಮ್ಯಾಟೋವೇ ಬೇಸತ್ತು, ಆಗೀಗ ಸ್ವಂತ ಟ್ವೀಟನ್ನೂ ಯೋಚಿಸ್ರಪ್ಪಾ ಎಂದಿತು. ಮುಂದಿನ ವರ್ಷ ‘ಬಿನೋದ್’ ಎಂಬ ಹೆಸರು ಯಾರದೋ ಕಾಮೆಂಟಿನಿಂದ ಎದ್ದು ದೇಶವ್ಯಾಪಿ ತಮಾಷೆಯಾದಾಗ ಪೇಟಿಎಂ ಟ್ವಿಟರಿನಲ್ಲಿ ತನ್ನ ಹೆಸರನ್ನೇ ಬಿನೋದ್ ಎಂದು ಬದಲಿಸಿಕೊಂಡಿತು. ನಾವು ಕೆವೈಸಿಯಲ್ಲಿ ಒಂದು ಇನಿಶಿಯಲ್ ತಿದ್ದಬೇಕೆಂದರೆ ಆಧಾರು, ಪ್ಯಾನು, ಎರಡು ಫೋಟೋ. ಅವರಿಗೆ ಅರ್ಧ ನಿಮಿಷ.

ಇದಕ್ಕೆಲ್ಲ ಮೋಮೆಂಟ್ ಮಾರ್ಕೆಟಿಂಗ್ ಎಂದು ಹೆಸರು. ಈ ಪಾಠ ಹೇಳುವವರು ಬಾಯಿಬಿಟ್ಟರೆ ಓರಿಯೋ ಬಿಸ್ಕತ್ತಿನ ಪುರಾಣ. 2013ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್ ನಡೆಯುವಾಗ ಕ್ರೀಡಾಂಗಣದ ಕರೆಂಟು ಹೋಯಿತು, 34 ನಿಮಿಷ ಆಟ ನಿಂತಿತು. ಆ ಆಟದಲ್ಲಿ ಅರ್ಧ ನಿಮಿಷದ ಟಿವಿ ಜಾಹೀರಾತಿಗೆ ಸುಮಾರು 40 ಲಕ್ಷ ಡಾಲರ್ ಸುರಿದವರು ಕತ್ತಲಲ್ಲಿ ಕೈಹಿಸುಕುತ್ತಿದ್ದಾಗ, ಕತ್ತಲಲ್ಲೂ ಬಿಸ್ಕತ್ತು ಅದ್ದಬಹುದು ಎಂದು ಓರಿಯೋದವರು ಒಂದು ಟ್ವೀಟ್ ಹಾಕಿದರು. ಜಗತ್ತೇ ಭಲೇ ಅಂದಿತು. ಇದನ್ನು ಕೇಳಿದಾಗಲೆಲ್ಲ ನನಗೆ ಸಣ್ಣ ಅನುಮಾನ. ಕರೆಂಟು ಹೋದಾಗ ಜೋಕು ಮಾಡುವುದರಲ್ಲಿ ನಮಗಿಂತ ಅನುಭವ ಅಮೆರಿಕದವರಿಗಿದೆಯೇ? ಲೋಡ್‌ಶೆಡ್ಡಿಂಗಿನ ಬೇಸಿಗೆಗಳಲ್ಲಿ ನಮ್ಮ ಬೀದಿಯಲ್ಲಿ ಹುಟ್ಟಿದ ಮಾತುಗಳನ್ನು ಯಾರಾದರೂ ಟ್ವೀಟ್ ಮಾಡಿದ್ದರೆ ಬೆಸ್ಕಾಂ ಇಷ್ಟು ಹೊತ್ತಿಗೆ ದೊಡ್ಡ ಬ್ರ್ಯಾಂಡ್ ಆಗಿರುತ್ತಿತ್ತು. ಅದೂ ಬೇಡ, ಚುಕ್ಕಿ ಲಂಗದ ಅಮೂಲ್ ಹುಡುಗಿಯನ್ನು ಸಿಲ್ವೆಸ್ಟರ್ ಡಾಕುನ್ಹಾ ತಂಡ ಹುಟ್ಟಿಸಿದ್ದು 1966ರಲ್ಲಿ. ಅಂದಿನಿಂದ ಆಕೆ ಚುನಾವಣೆ, ಕ್ರಿಕೆಟ್, ಬಜೆಟ್ ಯಾವುದನ್ನೂ ಬಿಡದೆ ಬೆಣ್ಣೆ ಹಚ್ಚುತ್ತ ಬಂದಿದ್ದಾಳೆ. ಟ್ವಿಟರ್ ಹುಟ್ಟುವಾಗ ಆಕೆಗೆ ನಲವತ್ತು.

ಅದೇ ಹುಡುಗಿಯ ಮನೆಯವರು ಒಮ್ಮೆ ನಮ್ಮೂರಿನಲ್ಲಿ ಜಾರಿದ್ದನ್ನು ಹೇಳದಿದ್ದರೆ ಕನ್ನಡದ ಹರಟೆ ಪೂರ್ತಿಯಾಗದು. 2023ರ ಏಪ್ರಿಲ್ 5. ಬೆಂಗಳೂರಿಗೆ ನಮ್ಮ ತಾಜಾ ಹಾಲು, ಮೊಸರು ಬರುತ್ತಿದೆ ಎಂದು ಅಮೂಲ್ ಒಂದು ಟ್ವೀಟ್ ಹಾಕಿತು. ಟ್ವೀಟಿನಲ್ಲಿ ತಪ್ಪೇನೂ ಇರಲಿಲ್ಲ, ಪಂಚಾಂಗ ನೋಡಿರಲಿಲ್ಲ ಅಷ್ಟೆ. ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಎಂದು ಹಾಕಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ಅಪ್ಪಣೆ ಬಂದು, ಗಲಾಟೆಯಾಗಿ, ವಾಪಸ್ಸಾಗಿ ಇನ್ನೂ ವಾರ ಕಳೆದಿರಲಿಲ್ಲ. ವಿಧಾನಸಭೆ ಚುನಾವಣೆಗೆ ತಿಂಗಳ ಮೇಲೆ ಐದು ದಿನ. ಒಲೆ ಉರಿಯುತ್ತಿತ್ತು, ಅದರ ಮೇಲೆ ಹಾಲಿಟ್ಟರು, ಉಕ್ಕಿತು.

ಆಮೇಲೆ ನಡೆದದ್ದನ್ನು ಯಾವ ಏಜೆನ್ಸಿಯೂ ದುಡ್ಡು ಕೊಟ್ಟು ಮಾಡಿಸಲಾರದು. ‘ಗೋ ಬ್ಯಾಕ್ ಅಮೂಲ್’, ‘ಸೇವ್ ನಂದಿನಿ’ ಎಂಬ ಹ್ಯಾಶ್‌ಟ್ಯಾಗುಗಳು ಹರಿದವು. ಬೆಂಗಳೂರಿನ ಹೋಟೆಲಿನವರ ಸಂಘ ನಮ್ಮ ಕಾಫಿಗೆ ನಂದಿನಿ ಹಾಲೇ ಎಂದು ಘೋಷಿಸಿತು. ನಂದಿನಿ ಪಾರ್ಲರ್ ಎದುರು ರಾಜಕಾರಣಿಗಳು ನಿಂತರು. ರಾಹುಲ್ ಗಾಂಧಿ ಬಂದು ಐಸ್‌ಕ್ರೀಂ ತಿಂದು, ಕರ್ನಾಟಕದ ಹೆಮ್ಮೆ ನಂದಿನಿಯೇ ಬೆಸ್ಟ್ ಎಂದು ತಮ್ಮ ಖಾತೆಯಲ್ಲಿ ಹಾಕಿದರು. ಅಂಥವರೊಬ್ಬರಿಂದ ಒಂದು ಪೋಸ್ಟ್ ಹಾಕಿಸಲು ಮಾರುಕಟ್ಟೆಯಲ್ಲಿ ಎಷ್ಟಾಗುತ್ತದೆಂದು ನಮ್ಮ ಹುಡುಗ ಲೆಕ್ಕ ಹಾಕಲು ಹೋಗಿ ಕೈಬಿಟ್ಟ. ನಂದಿನಿಯ ಒಡೆಯರಾದ ಕೆಎಂಎಫ್‌ನವರು ಇದಕ್ಕಾಗಿ ಒಂದು ಲೋಟ ಮಜ್ಜಿಗೆಯನ್ನೂ ಖರ್ಚು ಮಾಡಬೇಕಾಗಲಿಲ್ಲ. ಎದುರಾಳಿಯ ಒಂದು ಟ್ವೀಟು ಇವರ ವರ್ಷದ ಕ್ಯಾಂಪೇನ್ ಆಯಿತು. ಮುಂದಿನ ವರ್ಷ ನಂದಿನಿಗೆ ತಾನೇ ಹುರುಪು ಬಂದು ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿತು. ಸ್ಕಾಟ್ಲೆಂಡಿನವನ ಜೆರ್ಸಿಯ ತೋಳಿನ ಮೇಲೆ ಕನ್ನಡದ ಲಿಪಿ! ಅವತ್ತು ಸ್ಕಾಟ್ಲೆಂಡಿನ ಹನ್ನೊಂದು ಜನರ ಹೆಸರು ಗೊತ್ತಿಲ್ಲದವರೂ ಆ ತೋಳಿನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿ ಹಂಚಿದರು. ನಾನಂತೂ ಹಂಚಿದೆ. ಮತ್ತೆ ಕೂಲಿಯಿಲ್ಲ.

ಕೂಲಿಯಿಲ್ಲದ ಕೆಲಸದಲ್ಲೂ ನಾಜೂಕಿನದು ಇದೆ. ಸ್ವಿಗ್ಗಿಯವರು 2019ರಲ್ಲಿ ‘ವಾಯ್ಸ್ ಆಫ್ ಹಂಗರ್’ ಎಂಬ ಸ್ಪರ್ಧೆ ಹೂಡಿದ್ದರು. ಇನ್‌ಸ್ಟಾಗ್ರಾಂನಲ್ಲಿ ಧ್ವನಿ ಸಂದೇಶ ಕಳಿಸಿದರೆ ಪರದೆಯ ಮೇಲೆ ಸಣ್ಣಸಣ್ಣ ಗೆರೆಗಳ ಅಲೆಯೊಂದು ಮೂಡುತ್ತದಲ್ಲ, ಜೋರಾಗಿ ಕೂಗಿದರೆ ಗೆರೆ ಎತ್ತರ, ಪಿಸುಗುಟ್ಟಿದರೆ ಗಿಡ್ಡ, ಸುಮ್ಮನಿದ್ದರೆ ಬರೀ ಚುಕ್ಕಿ. ಆ ಗೆರೆಗಳಲ್ಲಿ ಕಬಾಬಿನ ಕಡ್ಡಿಯ ಆಕಾರ ಬರುವಂತೆ ಕೂಗಿ, ಶವರ್ಮಾದ ಆಕಾರ ಬರುವಂತೆ ಕೂಗಿ ಎಂಬುದೇ ಪಂದ್ಯ. ಎಲ್ಲ ಆಕಾರವನ್ನೂ ಗೆದ್ದವರಿಗೆ ಒಂದು ವರ್ಷದ ಊಟದ ವೋಚರು. ಕಬಾಬ್ ಆಗಬೇಕೆಂದರೆ ನೋಡಿ, ಮೊದಲು ತುಸು ಹೊತ್ತು ಮೌನ, ಅದು ಕಡ್ಡಿಯ ತುದಿ. ಆಮೇಲೆ ಒಂದು ‘ಆ’, ಅದು ಮಾಂಸದ ತುಂಡು. ನಡುವೆ ಉಸಿರು ಬಿಗಿಹಿಡಿ, ಅದು ಸಂದು. ಮತ್ತೆ ಅಷ್ಟೇ ಎತ್ತರದ ‘ಆ’. ಬಾಗಿಲು ಹಾಕಿಕೊಂಡು ಹೀಗೆ ಕೂಗುತ್ತಿದ್ದ ಮಕ್ಕಳನ್ನು ಕೇಳಿಸಿಕೊಂಡ ತಂದೆತಾಯಿಗಳ ಸ್ಥಿತಿ ಊಹಿಸಿ. ಸಂಗೀತ ಕ್ಲಾಸಿಗೆ ಕಳಿಸಿದಾಗ ಸರಳೆ ವರಸೆಗೆ ಬಾಯಿಬಿಡದ ಹುಡುಗ ಶವರ್ಮಾಕ್ಕೆ ಅರ್ಧ ರಾತ್ರಿವರೆಗೆ ಸಾಧನೆ ಮಾಡಿದ್ದಾನೆ. ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ಈ ಕ್ಯಾಂಪೇನಿಗೆ ಸಿಂಹದ ಪ್ರಶಸ್ತಿಗಳು ಬಂದವು. ಕೂಗಿದವರಿಗೆ ಗಂಟಲು ನೋವು ಬಂತು. ಆದರೂ ನನಗೆ ಇದು ಮೆಚ್ಚುಗೆಯಾದದ್ದೇ. ಇಲ್ಲಿ ಸ್ಟಾರಿಲ್ಲ, ಸೆಟ್ಟಿಲ್ಲ. ಎಲ್ಲರ ಕಣ್ಣ ಮುಂದೆ ಇದ್ದ ಗೆರೆಯಲ್ಲಿ ಒಬ್ಬನಿಗೆ ಕಬಾಬ್ ಕಂಡಿತು.

ಶಾರೂಖ್ ಖಾನ್ ವಿಷಯಕ್ಕೂ ಹೀಗೆಯೇ ಬೆನ್ನು ತಟ್ಟಬೇಕೆನಿಸುತ್ತದೆ. ಕೋವಿಡ್‌ನಲ್ಲಿ ಸಣ್ಣ ಅಂಗಡಿಗಳು ನೆಲಕಚ್ಚಿದ್ದವು. 2021ರ ದೀಪಾವಳಿಗೆ ಕ್ಯಾಡ್ಬರಿಯವರು ಶಾರೂಖ್‌ನಿಂದ ಒಂದು ಜಾಹೀರಾತು ಮಾಡಿಸಿದರು. ಅದರಲ್ಲಿ ಆತ ಹಬ್ಬದ ಬಟ್ಟೆ, ಚಪ್ಪಲಿ, ಸಿಹಿ ಎಲ್ಲ ನಿಮ್ಮ ಬೀದಿಯ ಅಂಗಡಿಯಲ್ಲೇ ಕೊಳ್ಳಿ ಎಂದು ಅಂಗಡಿಯ ಹೆಸರು ಹೇಳಿ ಕರೆಯುತ್ತಾನೆ. ಯಾವ ಅಂಗಡಿ? ನಿಮ್ಮ ಪಿನ್‌ಕೋಡ್ ಯಾವುದೋ ಆ ಅಂಗಡಿ. ಶಾರೂಖ್ ಕೂತು ದೇಶದ ದಿನಸಿ ಅಂಗಡಿಗಳ ಹೆಸರನ್ನೆಲ್ಲ ಓದಿದ ಎಂದುಕೊಳ್ಳಬೇಡಿ. ಆತನ ಮುಖ, ದನಿ ಎರಡನ್ನೂ ಯಂತ್ರಕ್ಕೆ ಕಲಿಸಿ, ಬೇಕಾದ ಹೆಸರನ್ನು ಆತನ ಬಾಯಲ್ಲಿ ಹೇಳಿಸಿದರು. ಕಲಿಸಿದ್ದು ರೀಫ್ರೇಸ್ ಎಂಬ ಬೆಂಗಳೂರಿನ ಎಐ ಕಂಪನಿ. ಅಂಗಡಿಯವರು ತಮ್ಮ ಹೆಸರು ತುಂಬಿ ತಮ್ಮದೇ ಆವೃತ್ತಿ ಮಾಡಿಕೊಳ್ಳಬಹುದಿತ್ತು. ಮಾಡಿಕೊಂಡವರು ಅದನ್ನು ಗಿರಾಕಿಗಳಿಗೆಲ್ಲ ಕಳಿಸಿದರು. ಅಂಗಡಿಗೆ ಶಾರೂಖ್ ಸಿಕ್ಕ, ಕ್ಯಾಡ್ಬರಿಗೆ ಸಾವಿರಾರು ಜನ ಹಂಚುವವರು ಸಿಕ್ಕರು. ಲೆಕ್ಕ ಚುಕ್ತಾ ಆದ ಅಪರೂಪದ ಕ್ಯಾಂಪೇನ್ ಇದು. ಉದ್ರಿ ಕೇಳಿದರೆ ಮುಖ ತಿರುಗಿಸುವ ಅಂಗಡಿಯವನು, ‘ಶಾರೂಖೇ ನಮ್ಮಂಗಡಿಗೆ ಹೋಗಿ ಅಂದವ್ನೆ, ನೀವು ಚೌಕಾಸಿ ಮಾಡ್ತೀರಲ್ಲ ಸಾರ್’ ಅನ್ನುವಷ್ಟು ಏರಿದರೆ ಅದನ್ನೂ ಸಹಿಸೋಣ.

ಸ್ಪಾಟಿಫೈ ‘ರ್‍ಯಾಪ್ಡ್’ ಎಂಬುದೂ ಇದೇ ಜಾತಿಗೆ ಸೇರಿದ್ದು. ವರ್ಷವಿಡೀ ನಾವು ಕೇಳಿದ ಹಾಡಿನ ಲೆಕ್ಕವನ್ನು ಡಿಸೆಂಬರಿನ ಹೊತ್ತಿಗೆ ಬಣ್ಣದ ಕಾಗದದಲ್ಲಿ ಸುತ್ತಿ ನಮಗೇ ಉಡುಗೊರೆ ಕೊಡುತ್ತಾರೆ. ನಾವು ಅದನ್ನು ಸ್ಟೇಟಸ್‌ಗೆ ಹಾಕಿಕೊಳ್ಳುತ್ತೇವೆ. 2016ರಿಂದ ನಡೆದಿದೆ. ಅವರ ಬಳಿ ನಮ್ಮ ಗುಟ್ಟು ಎಷ್ಟಿದೆ ಎಂಬುದನ್ನು ನಮ್ಮಿಂದಲೇ ಡಂಗುರ ಹೊಡೆಸುವ ಜಾಣತನ.

ಆ ಗುಟ್ಟಿನ ಇನ್ನೊಂದು ಮಗ್ಗುಲು ನನ್ನ ವೆಟ್ ಗ್ರೈಂಡರ್ ಕತೆ. ತಂಗಿಗೆಂದು ಒಂದು ಸಂಜೆ ಯಾವುದೋ ಅಂಗಡಿಯ ತಾಣದಲ್ಲಿ ಎರಡು ಲೀಟರಿನ ಗ್ರೈಂಡರ್ ನೋಡಿದೆ. ನೋಡಿದ್ದಷ್ಟೇ. ಮರುದಿನದಿಂದ ಅದು ನನ್ನ ಬೆನ್ನುಬಿತ್ತು. ಪತ್ರಿಕೆಯ ಪುಟ ತೆರೆದರೆ ಸಂಪಾದಕೀಯದ ಪಕ್ಕದಲ್ಲಿ ಗ್ರೈಂಡರ್. ಯಾರೋ ತೀರಿಕೊಂಡ ಸುದ್ದಿಯ ಕೆಳಗೆ ಗ್ರೈಂಡರ್. ವಿಷ್ಣು ಸಹಸ್ರನಾಮ ಹಾಕಿದರೆ ಐದು ಸೆಕೆಂಡು ಗ್ರೈಂಡರ್ ತಿರುಗಿದ ಮೇಲೆಯೇ ಸಹಸ್ರನಾಮ. ಇದರ ಹೆಸರು ರೀಟಾರ್ಗೆಟಿಂಗ್, ತಾಣದ ಪುಟದಲ್ಲಿ ಕಣ್ಣಿಗೆ ಕಾಣದ ‘ಪಿಕ್ಸೆಲ್’ ಎಂಬ ಕೋಡಿನ ತುಣುಕು ಕೂತು ಯಾರು ಬಂದರು, ಏನು ನೋಡಿದರು, ಕೊಳ್ಳದೆ ಹೋದರು ಎಂದು ಚಾಡಿ ಹೇಳುತ್ತದೆ ಎಂದು ನಮ್ಮ ಹುಡುಗ ತಿಳಿಸಿದ. ಕೊನೆಗೆ ಚಿಕ್ಕಪೇಟೆಗೆ ಹೋಗಿ ನೋಟೆಣಿಸಿ ಕೊಯಮತ್ತೂರಿನ ಗ್ರೈಂಡರ್ ತಂದದ್ದಾಯಿತು. ತಂಗಿ ಅದರಲ್ಲಿ ದೋಸೆಗೂ ರುಬ್ಬಿಯಾಯಿತು. ಫೋನಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಚಿಕ್ಕಪೇಟೆಯಲ್ಲಿ ಪಿಕ್ಸೆಲ್ ಇಲ್ಲ ನೋಡಿ. ‘ಇನ್ನೂ ಯೋಚಿಸುತ್ತಿದ್ದೀರಾ? ಕೊನೆಯ 2 ಪೀಸ್ ಮಾತ್ರ!’ ಎಂದು ಎರಡು ತಿಂಗಳಿಂದ ಆ ಇಬ್ಬರು ಅನಾಥರು ನನ್ನನ್ನೇ ಕಾಯುತ್ತಿದ್ದಾರೆ. ನಮ್ಮ ಬಗ್ಗೆ ಎಲ್ಲ ಗೊತ್ತು ಅನ್ನುವವರಿಗೆ, ಕೊಂಡಾಯಿತು ಮಾರಾಯ್ರೇ ಎಂದು ಹೇಳುವುದಕ್ಕೆ ಒಂದು ಕಿಟಕಿಯಿಲ್ಲ.

ಸರ್ಕಾರಕ್ಕೂ ಈ ಕಾಟ ತಟ್ಟಿರಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳಿಗೆ ಕಡಿವಾಣ ಹಾಕಲು ಮಾರ್ಗಸೂಚಿ ಹೊರಡಿಸಿ 13 ಬಗೆಯ ಕಿತಾಪತಿಗಳನ್ನು ಪಟ್ಟಿ ಮಾಡಿತು. ಇಲ್ಲದ ಅವಸರ ಹುಟ್ಟಿಸುವುದು, ಅಂದರೆ ಆ ಎರಡು ಪೀಸಿನ ಕತೆ. ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು. ವಿಮೆ ಬೇಡ ಎಂದು ಒತ್ತುವ ಬಟನ್ನಿನ ಮೇಲೆ ‘ನಾನು ರಕ್ಷಣೆಯಿಲ್ಲದೇ ಇರುತ್ತೇನೆ’ ಎಂದು ಬರೆದು ನಾಚಿಸುವುದು. ಪದೇ ಪದೇ ಪೀಡಿಸುವುದೂ ಅದರಲ್ಲಿದೆ, ಹೆಸರು ನ್ಯಾಗಿಂಗ್. ಪಟ್ಟಿಯನ್ನು ಮನೆಯಲ್ಲಿ ಜೋರಾಗಿ ಓದಿದೆ. ಹದಿಮೂರರಲ್ಲಿ ಆರು ನೀವೇ ಮಾಡ್ತೀರಿ ಎಂಬ ತೀರ್ಪು ಬಂತು. ಅದಿರಲಿ.

ಇನ್‌ಫ್ಲುಯೆನ್ಸರ್‌ಗಳ ಮೇಲೂ ನಿಯಮವಿದೆ. ದುಡ್ಡು ತೆಗೆದುಕೊಂಡು ಹೊಗಳಿದ್ದರೆ ಅದು ಜಾಹೀರಾತು ಎಂದು ಕಣ್ಣಿಗೆ ಕಾಣುವಂತೆ ಹಾಕಬೇಕು ಎಂದು ಜಾಹೀರಾತು ಮಾನಕ ಮಂಡಳಿ 2021ರಲ್ಲೇ ಹೇಳಿತು. ಹಾಕುತ್ತಾರೆ. ಕ್ಯಾಪ್ಷನ್ನಿನ ಕೊನೆಯಲ್ಲಿ, ಮೂವತ್ತು ಹ್ಯಾಶ್‌ಟ್ಯಾಗುಗಳ ಸಂದಿಯಲ್ಲಿ, ಭೂತಗನ್ನಡಿ ಹಿಡಿದವರಿಗೆ ಕಾಣುವಂತೆ. ಬೆಳಿಗ್ಗೆ ಒಂದು ಎಣ್ಣೆ ಹಚ್ಚಿ ತಲೆಗೂದಲು ಮೊಣಕಾಲಿಗೆ ಬಂತೆನ್ನುವಾಕೆ ಸಂಜೆ ಇನ್ನೊಂದು ಎಣ್ಣೆಯಿಂದ ಅಷ್ಟೇ ಉದ್ದ ಮಾಡಿಕೊಳ್ಳುತ್ತಾಳೆ. ನನ್ನ ವಿಷಯದಲ್ಲಿ ಆ ಗೊಂದಲವಿಲ್ಲ. ಇಷ್ಟು ಹೊತ್ತು ಎಷ್ಟು ಕಂಪನಿಗಳ ಹೆಸರು ಹೇಳಿದೆ. ಒಬ್ಬರ ಕಡೆಯಿಂದಲೂ ಒಂದು ಬಿಸ್ಕತ್ತಿನ ಪೊಟ್ಟಣ ಬಂದಿಲ್ಲ.

ಗಮನ ಸೆಳೆಯಲು ಸಾಯುವುದೂ ಶುರುವಾಗಿದೆ. ಡ್ಯುಯೊಲಿಂಗೋ ಎಂಬ ಭಾಷೆ ಕಲಿಸುವ ಆ್ಯಪ್‌ನವರು 2025ರ ಫೆಬ್ರವರಿಯಲ್ಲಿ ತಮ್ಮ ಹಸಿರು ಗೂಬೆ ತೀರಿಕೊಂಡಿತೆಂದು ಸೂತಕ ಸಾರಿ, ಪಾಠ ಓದಿ ಅಂಕ ಸೇರಿಸಿದರೆ ಬದುಕೀತು ಎಂದು ಆಸೆ ಹುಟ್ಟಿಸಿ, ಎರಡು ವಾರ ಕಳೆಯುವ ಹೊತ್ತಿಗೆ ಎಬ್ಬಿಸಿದರು. ಗೂಬೆಯಾದ್ದರಿಂದ ನಕ್ಕು ಬಿಡಬಹುದು. ಅದಕ್ಕೂ ಒಂದು ವರ್ಷ ಮೊದಲು ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತರೆಂದು ಅವರ ಖಾತೆಯಲ್ಲೇ ಸುದ್ದಿ ಬಂದು, ಮರುದಿನ ಅವರೇ ಬಂದು ಜಾಗೃತಿಗಾಗಿ ಹೀಗೆ ಮಾಡಿದೆವು ಎಂದದ್ದು ಮಾತ್ರ ನನಗೆ ಜೀರ್ಣವಾಗಲಿಲ್ಲ. ಮನೆಯಲ್ಲಿ ಆ ಕಾಯಿಲೆ ಕಂಡವರೂ ಆ ಸುದ್ದಿ ಓದಿರುತ್ತಾರಲ್ಲ. ಎಂಗೇಜ್‌ಮೆಂಟ್ ಭರ್ಜರಿ ಬಂದಿರಬೇಕು. ಉಗಿದದ್ದನ್ನೂ ಅದೇ ಖಾತೆಗೆ ಜಮಾ ಮಾಡುವುದು ಈ ಕಸುಬಿನ ದೊಡ್ಡ ಅನುಕೂಲ.

ಉಗಿಸಿಕೊಂಡು ಜಮಾ ಮಾಡಿದ ಲೆಕ್ಕಕ್ಕೆ ನಮ್ಮ ಮನೆ ಸೋಪೂ ಸೇರಿತು. 2025ರ ಮೇ ತಿಂಗಳಲ್ಲಿ ಮೈಸೂರ್ ಸ್ಯಾಂಡಲ್ ಸೋಪಿಗೆ ತಮನ್ನಾ ರಾಯಭಾರಿ, ಎರಡು ವರ್ಷಕ್ಕೆ 6.2 ಕೋಟಿ ಎಂಬ ಸುದ್ದಿ ಬಂತು. ಕನ್ನಡದ ನಟಿಯರಿಗೇನು ಬರಗಾಲವೇ ಎಂದು ರಾಜ್ಯವೇ ಎದ್ದಿತು. ಹೊರರಾಜ್ಯದ ಮಾರುಕಟ್ಟೆ ಹಿಡಿಯಬೇಕಲ್ಲ ಎಂದು ಸಚಿವ ಎಂ.ಬಿ. ಪಾಟೀಲರು ಸಮಜಾಯಿಷಿ ಕೊಟ್ಟರು. 2006ರಲ್ಲಿ ಧೋನಿಯನ್ನು ಕರೆತಂದು ಅದೂ ಕೂಡಿಬರದೆ ಹೋದದ್ದನ್ನು ಹಳಬರು ನೆನಪಿಸಿದರು. ವಾದದಲ್ಲಿ ಎರಡೂ ಕಡೆ ಹುರುಳಿತ್ತು ಅನ್ನಿ. ನಾನು ಗಮನಿಸಿದ್ದು ಬೇರೆ: ಒಂದು ವಾರ ಬಸ್ಸಿನಲ್ಲಿ, ಸಲೂನಿನಲ್ಲಿ, ಮದುವೆ ಪಂಕ್ತಿಯಲ್ಲಿ ಜನ ಸೋಪಿನ ಬಗ್ಗೆ ಮಾತಾಡಿದರು. ಡವ್ ಹಚ್ಚಿಕೊಳ್ಳುವವರೂ ಮೈಸೂರು ಗಂಧದ ಮಾನ ಕಾಪಾಡಲು ಟೈಪ್ ಮಾಡಿದರು. ತಮನ್ನಾ ಇನ್ನೂ ಒಂದು ಸಲ ಕೈತೊಳೆದು ತೋರಿಸಿರಲಿಲ್ಲ.

ಈ ಸೋಪಿಗೆ ಪ್ರಚಾರ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತು, ಮೈಸೂರಿನಲ್ಲಿ ಅದು ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಎಣ್ಣೆ ತೆಗೆಸಿ, ಆ ಬೆನ್ನಿಗೆ ಸೋಪು ಮಾಡಿಸಿದರು. ಆಗ ಅದರ ಚಿತ್ರ ಟ್ರಾಮಿನ ಟಿಕೆಟ್ಟಿನ ಮೇಲೆ ಬಂತು, ಬೆಂಕಿಪೊಟ್ಟಣದ ಮೇಲೆ ಬಂತು. ಕರಾಚಿಯಲ್ಲಂತೂ ಸೋಪಿನ ಪ್ರಚಾರಕ್ಕೆ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದ್ದರು.

ಇದನ್ನು ಹೇಳಿದಾಗ ನಮ್ಮ ಹುಡುಗ ಲ್ಯಾಪ್‌ಟಾಪ್ ಮುಚ್ಚಿ ನೆಟ್ಟಗೆ ಕೂತ. ‘ಸೂಪರ್ ಆಕ್ಟಿವೇಶನ್ ಚಿಕ್ಕಪ್ಪ! ರೀಚ್ ಎಷ್ಟು ಬಂದಿರಬಹುದು?’ ಎಂದ. ರೀಚ್ ನನಗೇನು ಗೊತ್ತು? ಬೀದಿಯಲ್ಲಿ ನಿಂತು ನೋಡಿದವರು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಪುಕ್ಕಟೆ ವರ್ಣಿಸಿರುತ್ತಾರೆ, ನಮ್ಮತ್ತೆಯ ಹಾಗೆಯೇ. ಆದರೆ ಒಂಟೆಯವನು ಬಾಡಿಗೆ ಎಣಿಸಿಕೊಂಡಿರುತ್ತಾನೆ, ಒಂಟೆಗಳಿಗೂ ಸಂಜೆ ಮೇವು ಬಿದ್ದಿರುತ್ತದೆ, ಅಷ್ಟನ್ನು ನಾನು ಖಂಡಿತ ಹೇಳಬಲ್ಲೆ ಎಂದೆ. ಅವನು ಅದನ್ನು ಸ್ಟೇಟಸ್‌ಗೆ ಹಾಕಿಕೊಂಡ. ನನ್ನ ಹೆಸರು ಹಾಕಲಿಲ್ಲ.